ಮಟನ್ ಅಂಗಡಿ ಲಿವರ್, ಬಳ್ಳಾರಿ ಬಿಸಿಲು: ನನ್ನ ಅನುಭವ

ಮೈ ಬಿಸಿ ಏರಿದರೆ ಲಿವರ್‌ನಲ್ಲಿ ಪ್ರೋಟೀನ್ ಒಡೆಯುವುದು ಎಷ್ಟು ಜಾಸ್ತಿಯಾಗುತ್ತದೆ ಅಂತ ಬಳ್ಳಾರಿಯಲ್ಲೇ ಅಳೆಯುತ್ತೇನೆ ಎಂದಾಗ ನಕ್ಕವರೇ ಬಹಳ. "ಮಟನ್ ಅಂಗಡಿ ಲಿವರ್ ತಂದು ಏನು ಸೈನ್ಸ್ ಮಾಡ್ತೀರಿ ಸರ್?" ಈಗ ಅವರೇ ಪ್ರೋಟೊಕಾಲ್ ಕೇಳುತ್ತಾರೆ. ಕೆಲಸ ಇಷ್ಟೇ: ಲಿವರ್‌ನ ತೆಳು ಹೋಳುಗಳನ್ನು ಬಫರ್ ಅನ್ನೋ ದ್ರಾವಣದಲ್ಲಿ ಬಿಸಿಯಾಗಿಟ್ಟು, ಪ್ರೋಟೀನ್ ಒಡೆದಾಗ ಹೊರಬರುವ ಅಮೈನೋ ಆಮ್ಲವನ್ನು ಅಳೆಯುವುದು.

ಮೊದಲ ಜಗಳ 37 ಡಿಗ್ರಿಯದು, ಅದು ಮನುಷ್ಯರ ಮೈ ಬಿಸಿ. ಕುರಿಯ ಮೈ ಬಿಸಿಯೇ 39ರ ಆಸುಪಾಸು, ಅಲ್ವಾ? ಕಂಟ್ರೋಲ್ (ಹೋಲಿಕೆಗೆ ಇಡುವ ಮಾಮೂಲಿ ಬಿಸಿ) 39, ಜ್ವರ 41.5 ಅಂತ ಇಟ್ಟೆ.

ಆಮೇಲೆ ಕಾಡಿದ್ದು ಊರಿನ ಬಿಸಿಲು. ಹೋಳುಗಳನ್ನು ಬಿಸಿಯಾಗಿಡುವ ನೀರಿನ ತೊಟ್ಟಿ, ಅಂದರೆ ವಾಟರ್ ಬಾತ್‌ಗೆ ಕಾಯಿಸಲು ಬರುತ್ತದೆ, ತಣಿಸಲು ಬರಲ್ಲ. ಏಪ್ರಿಲ್ ಮಧ್ಯಾಹ್ನ ಕೋಣೆಯೇ 40 ದಾಟಿ ಕೂತರೆ 39 ಎಲ್ಲಿಂದ ಬರಬೇಕು? ಜ್ವರ, ಕಂಟ್ರೋಲ್ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಟ್ಟವು. ಆ ಬೇಸಿಗೆಯ ಕೆಲಸ ಪೂರ್ತಿ ಹಳ್ಳ ಹಿಡಿಯಿತು. ಚಿಲ್ಲರ್‌ಗೆ ಲಕ್ಷದ ಮೇಲೆ ಹೇಳಿದರು. ಕೆಲಸವನ್ನೇ ಡಿಸೆಂಬರ್‌ಗೆ ತಳ್ಳಿದೆ, ಖರ್ಚಿಲ್ಲ. ಗ್ಯಾಸ್‌ನಲ್ಲಿ ಮಾತ್ರ ಉಳಿತಾಯ ಆಗಲಿಲ್ಲ. ಹೋಳು ಬದುಕಿರಲು ಬಫರ್ ಒಳಗೆ ಗುಳ್ಳೆಯಾಗಿ ಬಿಡುವ ಗ್ಯಾಸ್ ಅದು. ಆಮ್ಲಜನಕ ತಯಾರಿಸುವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಇದ್ದರೂ 95 ಪಾಲು ಆಮ್ಲಜನಕ, 5 ಪಾಲು ಇಂಗಾಲದ ಡೈಆಕ್ಸೈಡ್ ಮಿಶ್ರಣ ಬೆಂಗಳೂರಿನಿಂದಲೇ ತರಿಸಬೇಕಾಯಿತು, ಸಾಗಾಣಿಕೆ ಸೇರಿ ಆರೇಳು ಸಾವಿರ ಆಯಿತು.

ಸ್ನಾಯುವಿನಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲ ಅಳೆದು ಪಳಗಿದವರಿಗೆ ಲಿವರ್ ಕೈ ಕೊಡುತ್ತದೆ. ಬಂದ ಟೈರೋಸಿನ್‌ನ್ನು ಅದೇ ಒಡೆದು ಮುಗಿಸುತ್ತದೆ. ನಿನ್‌ಹೈಡ್ರಿನ್ (ಅಮೈನೋ ಆಮ್ಲಕ್ಕೆ ಬಣ್ಣ ಬರಿಸಿ ತೋರಿಸುವ ರಾಸಾಯನಿಕ) ಅಗ್ಗ, ಆದರೆ ಅಮೋನಿಯಾವನ್ನೂ ಲೆಕ್ಕಕ್ಕೆ ಎಳೆದುಕೊಳ್ಳುತ್ತದೆ. ವ್ಯಾಲಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ತಂಟೆಗೆ ಲಿವರ್ ಅಷ್ಟಾಗಿ ಹೋಗಲ್ಲ, ಹಾಗಾಗಿ ಅದನ್ನೇ ಹಿಡಿದೆ. ಎಚ್‌ಪಿಎಲ್‌ಸಿ (ಅಮೈನೋ ಆಮ್ಲಗಳನ್ನು ಬಿಡಿಸಿ ಅಳೆಯುವ ಯಂತ್ರ) ಹೊರಗಡೆ, ಸ್ಯಾಂಪಲ್ಲಿಗೆ ಎಂಟುನೂರು ಚಿಲ್ಲರೆ ಕೊಟ್ಟೆ. ಬಂದ ವ್ಯಾಲಿನ್ ಮತ್ತೆ ಹೊಸ ಪ್ರೋಟೀನ್ ಆಗದಂತೆ ತಡೆಯುವ ಸೈಕ್ಲೋಹೆಕ್ಸಿಮೈಡ್ ಮೊದಲಿನಿಂದಲೇ ಹಾಕಬೇಡಿ. ಹೊತ್ತು ಜಾಸ್ತಿಯಾದರೆ ಜೀವಕೋಶ ತನ್ನದೇ ಭಾಗಗಳನ್ನು ತಿಂದು ಒಡೆಯುವ ಆಟೋಫೇಜಿಯನ್ನೇ ಅಮುಕಿಬಿಡುತ್ತದೆ. ಕೊನೆಯ ಹದಿನೈದು ನಿಮಿಷ ಸಾಕು.

ಹೋಳು 0.3 ಮಿ.ಮೀ. ಮೀರಿದರೆ ಒಳಗೆ ಆಮ್ಲಜನಕ ಇಳಿಯಲ್ಲ. ಒಳ್ಳೆ ಹೋಳು ಗುಳ್ಳೆಗಳ ಜೊತೆ ಮೇಲೆ ಕೆಳಗೆ ತಿರುಗುತ್ತಿರುತ್ತದೆ. ಕೆಟ್ಟದ್ದರ ಅಂಚು ಬೂದು ಬಣ್ಣಕ್ಕೆ ತಿರುಗಿ, ಬಫರ್ ಕಲಗಚ್ಚಿನ ಹಾಗೆ ಕದಡುತ್ತದೆ. ಅಷ್ಟು ತೆಳ್ಳಗೆ ಕೈಯಲ್ಲೇ ಹೇಗೆ ಕತ್ತರಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಫಲಿತಾಂಶ? 41.5ರಲ್ಲಿ ವ್ಯಾಲಿನ್ ಸುಮಾರು ಐದನೇ ಒಂದು ಪಾಲು ಜಾಸ್ತಿ, ಚಳಿಗಾಲ ಪೂರ್ತಿ ಹಾಗೇ ಬಂತು. ಲೈಸೊಸೋಮ್ (ಜೀವಕೋಶದೊಳಗಿನ ಜೀರ್ಣದ ಚೀಲ) ಕೆಲಸ ತಡೆಯುವ ಕ್ಲೋರೋಕ್ವಿನ್ ಹಾಕಿದರೆ ಆ ಏರಿಕೆಯ ಬಹುಪಾಲು ಇಳಿಯುತ್ತದೆ. ಅಂದರೆ ಇದು ಹೆಚ್ಚಾಗಿ ಲೈಸೊಸೋಮ್ ಕೆಲಸ. 43 ದಾಟಿಸಿದರೆ ಜೀವಕೋಶ ಹಾಳಾಗಿ ಅದರೊಳಗಿನ ಕಿಣ್ವ ಎಲ್‌ಡಿಎಚ್ ಸೋರುತ್ತದೆ. ಆಮೇಲೆ ಬರುವುದು ಜ್ವರದ ಅಂಕಿಯಲ್ಲ, ಸಾಯುತ್ತಿರುವ ಲಿವರ್‌ದು.

ಸುಮ್ನೆ ಕುತೂಹಲಕ್ಕೆ ಕೋಳಿ ಲಿವರ್ ಕೂಡ ನೋಡಿದೆ. ಕೋಳಿಗೆ 41 ಅಂದರೆ ಮಾಮೂಲಿ ಮೈ ಬಿಸಿ. ಅಂಕಿಗಳು ಚೆಲ್ಲಾಪಿಲ್ಲಿ. ಒಂದು ದಿನ ತಿಂದ ಕೋಳಿ, ಇನ್ನೊಂದು ದಿನ ರಾತ್ರಿಯಿಡೀ ಉಪವಾಸವಿದ್ದ ಕೋಳಿ. ಉಪವಾಸದಲ್ಲಿ ಲಿವರ್ ತನ್ನ ಪ್ರೋಟೀನ್‌ಗೇ ಕೈ ಹಾಕುತ್ತದೆ, ಬಿಸಿಯ ಲೆಕ್ಕ ಅದರಲ್ಲಿ ಮುಳುಗಿಹೋಯಿತು. ಕುರಿಗೆ ಕೊನೆಗೆ ಮೇವು ಹಾಕಿದ್ದು ಯಾವಾಗ ಅಂತ ಈಗ ಅಂಗಡಿಯಲ್ಲಿ ಕೇಳಿಯೇ ಲಿವರ್ ತರುತ್ತೇನೆ.