ಕಾಲುದಾರಿ ದುರಸ್ತಿಗೆ ಜನ ಕಟ್ಟಿಕೊಂಡು ಹೊರಡುವ ಮುನ್ನ

ಕಾಡು ಗುಡ್ಡಗಳ ಚಾರಣದ ಹಾದಿಗಳನ್ನು ಎಷ್ಟೋ ಕಡೆ ಉಳಿಸಿಕೊಂಡು ಬಂದಿರುವುದು ಸಂಬಳವಿಲ್ಲದೆ ದುಡಿಯುವ ಜನ. ಅಮೆರಿಕದ ಅಪಲೇಚಿಯನ್ ಟ್ರೇಲ್ 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿ.ಮೀ. ಉದ್ದದ ಕಾಲುದಾರಿ. 1921ರಲ್ಲಿ ಬೆಂಟನ್ ಮೆಕೈ ಅದರ ಯೋಜನೆಯನ್ನು ಮುಂದಿಟ್ಟರು. 1937ರಲ್ಲಿ ಹಾದಿ ಪೂರ್ತಿಯಾಯಿತು. ಇವತ್ತಿಗೂ ಅದರ ದುರಸ್ತಿಯ ಬಹುಪಾಲು ಸ್ವಯಂಸೇವಕ ಸಂಘಗಳದ್ದೇ. ಒಂದೊಂದು ಸಂಘಕ್ಕೆ ಹಾದಿಯ ಒಂದೊಂದು ತುಂಡು ಹಂಚಿಕೆಯಾಗಿದೆ. ಇಂಥ ಜನರನ್ನು ಸೇರಿಸಿ, ಬೇಕಾದ ಜಾಗಕ್ಕೆ ಬೇಕಾದ ಸಲಕರಣೆಯೊಂದಿಗೆ ಕರೆದೊಯ್ದು, ಸಂಜೆ ಎಲ್ಲರನ್ನೂ ಕ್ಷೇಮವಾಗಿ ಮನೆಗೆ ಕಳಿಸುವವರು ಸಂಚಾಲಕರು. ನೀವು ಆ ಹೊಣೆ ಹೊರಲು ಒಪ್ಪಿದ್ದರೆ, ಗುದ್ದಲಿ ಎತ್ತಿಕೊಳ್ಳುವುದಕ್ಕೆ ಮೊದಲೇ ಮಾಡಬೇಕಾದ ಕೆಲಸ ಬಹಳಷ್ಟಿದೆ.

ಮೊದಲು ಅನುಮತಿ, ಆಮೇಲೆ ಮಳೆ

ಜಾಗ ಯಾರ ಸುಪರ್ದಿನಲ್ಲಿದೆಯೋ ಅವರಿಂದ ಲಿಖಿತ ಅನುಮತಿ ಪಡೆಯಿರಿ. ಯಾವ ಗಿಡ ಕಡಿಯಬಹುದು, ಮಣ್ಣು ಎಲ್ಲಿಂದ ತೆಗೆಯಬಹುದು, ಹಕ್ಕಿಗಳು ಗೂಡು ಕಟ್ಟುವ ಕಾಲ ಯಾವುದು ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ.

ಅನುಮತಿ ಕೈಗೆ ಬಂದ ಮೇಲೆ ಒಂದು ಮಳೆಯ ದಿನಕ್ಕಾಗಿ ಕಾಯಿರಿ. ಬಿಸಿಲಿನಲ್ಲಿ ನೋಡಿದರೆ ಎಲ್ಲ ಹಾದಿಯೂ ಚೆನ್ನಾಗಿಯೇ ಕಾಣುತ್ತದೆ. ಸುರಿಯುವ ಮಳೆಯಲ್ಲಿ, ಅಥವಾ ಮಳೆ ನಿಂತ ಕೂಡಲೇ ನಡೆದು ನೋಡಿ: ನೀರು ಎಲ್ಲಿಂದ ಹಾದಿಗೆ ಇಳಿಯುತ್ತದೆ, ಎಷ್ಟು ದೂರ ಹಾದಿಯಲ್ಲೇ ಹರಿಯುತ್ತದೆ, ಎಲ್ಲಿ ಬಿಟ್ಟು ಹೋಗುತ್ತದೆ. ನೀರು ಸೇರುವ ಜಾಗ, ಬಿಡುವ ಜಾಗ ಎರಡನ್ನೂ ಗುರುತು ಮಾಡಿ ಫೋಟೋ ತೆಗೆಯಿರಿ. ಕೊರಕಲು ಬಿದ್ದ ಜಾಗವನ್ನು ಯಾರು ಬೇಕಾದರೂ ತೋರಿಸುತ್ತಾರೆ. ಆದರೆ ಕೊರಕಲಿನ ಕಾರಣ ಸಾಮಾನ್ಯವಾಗಿ ಅದಕ್ಕಿಂತ ಮೇಲೆ, ನೀರು ಮೊದಲು ಹಾದಿ ಹಿಡಿದ ಕಡೆ ಇರುತ್ತದೆ. ನಾನು ಹೊಸದರಲ್ಲಿ ಇದನ್ನು ತಿಳಿಯದೆ ಕೊರಕಲಿಗೆ ಕಲ್ಲು ಮಣ್ಣು ತುಂಬಿಸಿದೆ. ಒಂದಿಡೀ ದಿನ ಇಪ್ಪತ್ತು ಜನರ ಶ್ರಮ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ತುಂಬಿದ್ದೆಲ್ಲ ಕೊಚ್ಚಿಹೋಗಿತ್ತು. ದುಡಿದವರಿಗೆ ಏನು ಹೇಳುವುದೆಂದು ತೋಚಲಿಲ್ಲ.

ನೀರನ್ನು ಹೊರಗೆ ಕಳಿಸುವುದು

ಗುಡ್ಡದ ಬದಿಯಲ್ಲಿ ಸಾಗುವ ಹಾದಿಯ ಮೇಲ್ಮೈ ಕಣಿವೆಯ ಕಡೆಗೆ ತುಸು ಓರೆಯಾಗಿರಬೇಕು. ನೂರಕ್ಕೆ ಐದರಷ್ಟು ಓರೆ ಸಾಕು. ಒಂದು ಮೀಟರ್ ಅಗಲದ ಹಾದಿಯಾದರೆ ಹೊರ ಅಂಚು ಒಳ ಅಂಚಿಗಿಂತ ಐದು ಸೆಂ.ಮೀ. ತಗ್ಗಿದ್ದರಾಯಿತು. ಹೀಗಿದ್ದರೆ ನೀರು ತೆಳ್ಳಗೆ ಹರಡಿ ಅಡ್ಡ ದಾಟಿಹೋಗುತ್ತದೆ. ಕಾಲ ಕಳೆದಂತೆ ಜನರ ತುಳಿತಕ್ಕೆ ನಡು ತಗ್ಗಿ, ಹೊರ ಅಂಚಿನಲ್ಲಿ ಮಣ್ಣಿನ ದಿಂಡು ಎದ್ದು ನಿಲ್ಲುತ್ತದೆ. ಆಗ ಹಾದಿಯೇ ಕಾಲುವೆ. ಆ ದಿಂಡನ್ನು ಕೆತ್ತಿ ತೆಗೆಯುವುದು ನೋಡಲು ಸಣ್ಣ ಕೆಲಸ, ಆದರೆ ನನ್ನ ಅನುಭವದಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಹಾದಿಯ ಏರು ಗುಡ್ಡದ ಏರಿನ ಅರ್ಧವನ್ನು ಮೀರಬಾರದು ಎಂಬ ಲೆಕ್ಕವೂ ನೆನಪಿರಲಿ. ಗುಡ್ಡದ ಬದಿ ನೂರಕ್ಕೆ 20ರಷ್ಟು ಇಳಿಜಾರಾಗಿದ್ದರೆ ಹಾದಿ 10ಕ್ಕಿಂತ ಕಡಿದಾಗಬಾರದು. ಮೀರಿದರೆ ನೀರು ಅಡ್ಡ ದಾಟದೆ ಹಾದಿಯ ಉದ್ದಕ್ಕೇ ಹರಿಯುತ್ತದೆ. ಅಂಥ ಕಡೆ ಕಲ್ಲು ಅಥವಾ ಮರದ ದಿಮ್ಮಿಯ ಒಡ್ಡನ್ನು ಓರೆಯಾಗಿ ಹೂತು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಒಡ್ಡಿನ ಹಿಂದೆ ಹೂಳು ತುಂಬಿತೆಂದರೆ ನೀರು ಅದರ ಮೇಲೆಯೇ ಹಾರಿ ಬರುತ್ತದೆ. ಆದ್ದರಿಂದ ಹೊಸ ಒಡ್ಡು ಕಟ್ಟಿಸುವ ಆಸೆ ಹುಟ್ಟಿದಾಗೆಲ್ಲ, ಹಳೆಯದರ ಹೂಳು ತೆಗೆಸಿದ್ದೇನೆಯೇ ಎಂದು ಕೇಳಿಕೊಳ್ಳಿ. ಹಾದಿಗೆ ಹಾಕುವ ಮಣ್ಣಿನಲ್ಲಿ ಎಲೆಗೊಬ್ಬರ ಇರಬಾರದು. ಅದು ನೀರು ಕುಡಿದು ಕೆಸರಾಗುತ್ತದೆ.

ಗಿಡಗಂಟಿ ಸವರುವುದು ಹೊಸಬರಿಗೆ ಹೇಳಿಮಾಡಿಸಿದ ಕೆಲಸ. ಅಪಲೇಚಿಯನ್ ಟ್ರೇಲ್‌ನಲ್ಲಿ ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ ತೆರವಾಗಿರಬೇಕೆಂಬುದು ಅಳತೆ. ಪೊದೆಯನ್ನು ನೆಲಮಟ್ಟಕ್ಕೆ ಕತ್ತರಿಸಬೇಕು, ಮೊನಚು ಮೋಟು ಬಿಟ್ಟರೆ ಯಾರದೋ ಕಾಲಿಗೆ ಚುಚ್ಚುತ್ತದೆ. ಕಡಿದದ್ದನ್ನು ಇಳಿಜಾರಿನ ಕಡೆಗೆ, ಹಾದಿಯಿಂದ ಕಾಣದಂತೆ ಎಸೆಯಬೇಕು, ನೀರು ಹೊರಹೋಗುವ ಬಾಯಿಗೆ ಮಾತ್ರ ಬೀಳಬಾರದು.

ಜನ ಎಷ್ಟು, ಸಲಕರಣೆ ಎಷ್ಟು

ಬರುತ್ತೇನೆ ಎಂದವರೆಲ್ಲರನ್ನೂ ಒಟ್ಟಿಗೆ ಕರೆಯಬೇಡಿ. ಅನುಭವಸ್ಥರೊಬ್ಬರು ಐದಾರು ಜನರನ್ನು ನೋಡಿಕೊಳ್ಳಬಲ್ಲರು. ನಿಮ್ಮಲ್ಲಿ ಅಂಥವರು ಇಬ್ಬರಿದ್ದರೆ ಹನ್ನೆರಡು ಜನ ಸಾಕು. ಹೆಚ್ಚು ಜನ ಬಂದು, ಸಲಕರಣೆ ಇಲ್ಲದೆ ಅರ್ಧ ದಿನ ನಿಂತು ನೋಡಿದವರು ಮತ್ತೆ ಬರುವುದಿಲ್ಲ. ಅದು ಅವರ ತಪ್ಪಲ್ಲ. ಹೆಸರು ಕೊಡುವಾಗಲೇ ಕೆಲಸ ಎಂಥದ್ದು, ಎಷ್ಟು ದೂರ ನಡೆಯಬೇಕು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಬಿಚ್ಚಿ ಹೇಳಿ. ಮಂಡಿ ನೋವಿನ ಹಿರಿಯರಿಗೂ ಕೆಲಸವಿದೆ: ಫೋಟೋ, ಅಳತೆ, ಸಲಕರಣೆಯ ಲೆಕ್ಕ.

ಗುದ್ದಲಿ, ಪಿಕಾಸಿ, ಹಾರೆ, ಸನಿಕೆ, ಕುಡುಗೋಲು, ಕೈಗರಗಸ ಇವಿಷ್ಟರಲ್ಲೇ ಹೆಚ್ಚಿನ ಕೆಲಸ ಆಗುತ್ತದೆ. ಸಿಕ್ಕರೆ ಪುಲಾಸ್ಕಿ ತರಿಸಿಕೊಳ್ಳಿ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ ಇರುವ ಈ ಸಲಕರಣೆಗೆ ಎಡ್ ಪುಲಾಸ್ಕಿ ಎಂಬ ಅರಣ್ಯ ರೇಂಜರ್ ಹೆಸರಿದೆ. 1910ರ ಭಾರಿ ಕಾಡ್ಗಿಚ್ಚಿನಲ್ಲಿ ತಮ್ಮ ತಂಡವನ್ನು ಗಣಿಯ ಸುರಂಗದೊಳಗೆ ನುಗ್ಗಿಸಿ, ಬಹುತೇಕ ಎಲ್ಲರ ಜೀವ ಉಳಿಸಿದವರು ಅವರು. ಹೊಸಬರ ಕೈಗೆ ಅದನ್ನು ಕೊಡುವಾಗ ನಾನು ಈ ಕಥೆಯನ್ನೂ ಹೇಳುತ್ತೇನೆ.

ಆ ದಿನ ಬೆಳಿಗ್ಗೆ

ಹೊರಡುವ ಮುನ್ನ ಹತ್ತು ನಿಮಿಷ ಎಲ್ಲರನ್ನೂ ಸುತ್ತ ನಿಲ್ಲಿಸಿ ಮಾತಾಡಿ. ಯಾರಿಗೆ ಜೇನುನೊಣದ ಅಲರ್ಜಿ ಇದೆ, ಯಾರು ಔಷಧಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಹತ್ತಿರ ಇದೆ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಗಾಯಾಳುವನ್ನು ಯಾವ ದಾರಿಯಲ್ಲಿ ಇಳಿಸಬೇಕು ಎಂಬುದು ಎಲ್ಲರಿಗೂ ತಿಳಿದಿರಲಿ. ಸಲಕರಣೆಯನ್ನು ಹೆಗಲ ಮೇಲೆ ಹೊರಬಾರದು. ಇಳಿಜಾರಿನ ಕಡೆಯ ಕೈಯಲ್ಲಿ, ತೂಗುಬಿಟ್ಟು ಹಿಡಿಯಬೇಕು; ಜಾರಿದರೆ ಅತ್ತ ಎಸೆಯಬಹುದು. ನಡೆಯುವಾಗಲೂ ಕೆಲಸ ಮಾಡುವಾಗಲೂ ಒಬ್ಬರಿಗೊಬ್ಬರು ಮೂರು ಮೀಟರ್ ಅಂತರ. ಬಾಗಿ, ಬಿಗಿದು ಬಿದ್ದಿರುವ ಮರಕ್ಕೆ ತರಬೇತಿ ಇಲ್ಲದವರು ಗರಗಸ ಹಾಕಲೇಬಾರದು. ಕತ್ತರಿಸಿದ ಕೂಡಲೇ ಅದು ಸೆಟೆದು ಎಗರುತ್ತದೆ.

ಆಮೇಲೆ ಕೆಲಸ ಹಂಚಿ. ಒಂದು ತಂಡಕ್ಕೆ ಇಡೀ ಗುಡ್ಡ ಕೊಡದೆ, ಸಂಜೆಯೊಳಗೆ ಮುಗಿಸಬಹುದಾದ ಒಂದು ತಿರುವನ್ನು ಕೊಡಿ. ಅರ್ಧಕ್ಕೆ ಬಿಟ್ಟ ಒಡ್ಡು ಒಡ್ಡಿಲ್ಲದ್ದಕ್ಕಿಂತ ಕೆಟ್ಟದ್ದು, ಸಡಿಲ ಮಣ್ಣೆಲ್ಲ ಮೊದಲ ಮಳೆಗೇ ಹೋಗುತ್ತದೆ. ಮಧ್ಯಾಹ್ನದ ನಂತರ ದಣಿವಿನಿಂದ ಕೈ ತಪ್ಪುವುದು ಹೆಚ್ಚು, ಹಾಗಾಗಿ ಭಾರದ ಕಲ್ಲುಗಳನ್ನು ಬೆಳಿಗ್ಗೆಯೇ ಉರುಳಿಸಿ. ಮುಗಿದ ಜಾಗದ ಮೇಲೆ ಕೊಡದಲ್ಲೋ ಬಾಟಲಿಯಲ್ಲೋ ನೀರು ಸುರಿದು ನೋಡಿ. ನೀರು ಹೇಳಿದ ಕಡೆ ಹೋದದ್ದನ್ನು ನೋಡಿದಾಗ ಮಣ್ಣು ಮೆತ್ತಿದ ಮುಖಗಳು ಅರಳುವುದನ್ನು ನಾನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಇಳಿದು ಬಂದ ಮೇಲೆ

ಮೊದಲು ಜನರನ್ನು ಎಣಿಸಿ, ಆಮೇಲೆ ಸಲಕರಣೆ. ಅಂದೇ ರಾತ್ರಿ ಬರೆದಿಡಿ: ಯಾವ ಜಾಗ, ಏನು ಮಾಡಿದೆವು, ಎಷ್ಟು ಜನ, ಎಷ್ಟು ತಾಸು, ಏನು ಉಳಿಯಿತು. ಜಾಗದ ಮಾಲೀಕತ್ವ ಇರುವವರಿಗೂ ಒಂದು ಪ್ರತಿ ಕಳಿಸಿ. ನಿಮ್ಮ ನಂತರ ಬರುವ ಸಂಚಾಲಕರಿಗೆ ಆಧಾರ ಇದೊಂದೇ.

ಮುಂದಿನ ದೊಡ್ಡ ಮಳೆಯಲ್ಲಿ ಮತ್ತೆ ಹೋಗಿ, ಮೊದಲು ನಿಂತಿದ್ದ ಜಾಗದಲ್ಲೇ ನಿಂತು ಫೋಟೋ ತೆಗೆಯಿರಿ. ಹಳೆಯದು, ಹೊಸದು ಎರಡನ್ನೂ ಆ ತಿರುವಿನಲ್ಲಿ ದುಡಿದವರಿಗೆ, ಅವರವರ ಹೆಸರು ಹಿಡಿದು ಕಳಿಸಿ. ಒಡ್ಡು ಸೋತಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ, ಸರಿಪಡಿಸಲು ಹೋಗುವ ದಿನವನ್ನು ಅದೇ ಸಂದೇಶದಲ್ಲಿ ಬರೆಯಿರಿ.