ಪೈಪು, ಲಕ್ಸ್ ಮೀಟರು, ಹಳೇ ಫಿಶ್‌ಐ: ಆಕಾಶ ಅಳೆದ ನನ್ನ ಅನುಭವ

"ಫೋಟೋ ತೆಗೆದು ಆಕಾಶ ಅಳೀತೀರಾ?" ಎಂದು ನಕ್ಕವರೇ ಜಾಸ್ತಿ. ನಾನು ಅಳೆಯುವುದು ಆಕಾಶದ ಯಾವ ಭಾಗ ಎಷ್ಟು ಬೆಳಗುತ್ತದೆ ಅಂತ. ಅದು ಗೊತ್ತಾದರೆ ಕೋಣೆಯೊಳಗೆ ಎಷ್ಟು ಬೆಳಕು ಬರುತ್ತದೆ ಅಂತ ಲೆಕ್ಕ ಹಾಕಬಹುದು. ಕಳೆದ ತಿಂಗಳು ಅದೇ ಫೋಟೋದಿಂದ ಲೆಕ್ಕ ಹಾಕಿ, ಕಿಟಕಿಯಿಂದ 3 ಮೀಟರ್ ಒಳಗಿನ ಮೇಜಿನ ಮೇಲೆ 310 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬರುತ್ತದೆ ಎಂದೆ. ಮೀಟರ್ ಇಟ್ಟು ನೋಡಿದರೆ 290. ಆಮೇಲೆ ಯಾರೂ ನಗಲಿಲ್ಲ.

ಆಕಾಶವನ್ನು 145 ತುಂಡು ಮಾಡಿ ತಾನೇ ತಿರುಗಿ ಅಳೆಯುವ ಸ್ಕ್ಯಾನರ್ ಅಂತ ಒಂದು ಯಂತ್ರ ಇದೆ. ಅದಕ್ಕೆ ಹಾಕುವ ದುಡ್ಡಿಗೆ ಕಾರು ಬರುತ್ತದೆ. ನನ್ನ ಹತ್ತಿರ ಇದ್ದದ್ದು ಬರೀ ಲಕ್ಸ್ ಮೀಟರ್. 5 ಸೆಂ.ಮೀ. ಅಗಲದ ಪಿವಿಸಿ ಪೈಪನ್ನು 26 ಸೆಂ.ಮೀ.ಗೆ ಕೊಯ್ದು ಸೆನ್ಸರ್ ಮೇಲೆ ಕೂರಿಸಿದೆ. ಆಗ ಅದಕ್ಕೆ ಕಾಣುವುದು ಸುಮಾರು 11 ಡಿಗ್ರಿ ಆಕಾಶ, ಸ್ಕ್ಯಾನರಿಗೆ ಕಾಣುವಷ್ಟೇ. ಬಂದ ಲಕ್ಸನ್ನು 35ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ಕ್ಯಾಂಡೆಲಾ, ಅಂದರೆ ಆಕಾಶದ ಆ ತುಂಡು ಎಷ್ಟು ಬೆಳಗುತ್ತದೆ ಅಂತ ಸಿಗುತ್ತದೆ. ಮೋಡ ಕವಿದ ದಿನ ನೆತ್ತಿಗೆ, ಅಂದರೆ ನೇರ ತಲೆ ಮೇಲಿನ ಆಕಾಶಕ್ಕೆ ಹಿಡಿದಾಗ 115 ಲಕ್ಸ್ ಬಂತು. ಅಂದರೆ 4000 ಆಸುಪಾಸು.

ಮೊದಲ ದಿನ ಮಾತ್ರ ಎರಡರಷ್ಟು ಬಂದಿತ್ತು. ಪೈಪಿನ ಒಳಗೋಡೆಯೇ ಹೊಳೆಯುತ್ತಿತ್ತು. ಕಪ್ಪು ಬಣ್ಣ ಬಳಿದರೂ ಓರೆ ಬೆಳಕಿಗೆ ಅದು ಮಿಂಚುತ್ತದೆ. ಕೊನೆಗೆ ಒಳಗೆ ಏನು ಹಾಕಿದೆ ಅಂತ ಹೇಳಲ್ಲ. ನನಗೆ ಎರಡು ವಾರ ಹಿಡಿದಿದೆ, ನೀವೂ ಸ್ವಲ್ಪ ಒದ್ದಾಡಿ.

145 ಜಾಗಕ್ಕೂ ಕೈಯಲ್ಲೇ ಪೈಪ್ ಹಿಡಿಯಲು 40 ನಿಮಿಷ ಬೇಕಾಯಿತು. ಅರವತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಮೋಡ ಎಲ್ಲೋ ಹೋಗಿತ್ತು. ಕತ್ತು ನೋವು ಬೇರೆ.

ಹಾಗಾಗಿ ಇಡೀ ಆಕಾಶವನ್ನು ಒಂದೇ ಫೋಟೋದಲ್ಲಿ ಹಿಡಿಯುವ ಸೆಕೆಂಡ್ ಹ್ಯಾಂಡ್ ಫಿಶ್‌ಐ ಲೆನ್ಸ್ ಕೊಂಡೆ. ಹೆಚ್ಚುಕಮ್ಮಿ ಒಂದು ತಿಂಗಳ ದುಡಿಮೆ ಅದಕ್ಕೇ ಹೋಯಿತು. ಮನೆಯಲ್ಲಿ ಬೆಲೆ ಹೇಳಿಲ್ಲ. ಲೆನ್ಸಿನ ಕಿಂಡಿ ಎಫ್/11, ಕ್ಯಾಮೆರಾದ ಸಂವೇದನೆ ಐಎಸ್‌ಒ 100, ಬೆಳಕು ಒಳಬಿಡುವ ಹೊತ್ತು ಸೆಕೆಂಡಿನ 1/4000ರಿಂದ 1/30ರವರೆಗೆ, ಹೀಗೆ ಎಂಟು ಫೋಟೋ, ತೀರಾ ಹೊಳೆಯುವ ಭಾಗವೂ ಮಂಕು ಭಾಗವೂ ಸಿಗಲಿ ಅಂತ. ಮೊದಲ ತಿಂಗಳು ವೈಟ್ ಬ್ಯಾಲೆನ್ಸ್ (ಬಣ್ಣ ತಿದ್ದುವ ಸೆಟ್ಟಿಂಗ್) ಆಟೋದಲ್ಲೇ ಉಳಿದಿತ್ತು, ಅಷ್ಟೂ ಕಸಕ್ಕೆ. ಆಮೇಲೆ ಕೋಣೆಯೊಳಗೆ ಎಲ್‌ಇಡಿ ಬೆಳಕಲ್ಲಿ ಬೂದು ಕಾರ್ಡ್ ಇಟ್ಟು, ಫೋಟೋದ ಹೊಳಪು ನಿಜವಾದ ಅಳತೆಗೆ ತಾಳೆಯಾಗುವಂತೆ ಕ್ಯಾಮೆರಾ ಹೊಂದಿಸಿದೆ. ಹೊರಗೆ ಬಂದರೆ ಶೇ. 30 ತಪ್ಪು.

ಆಗ ಹೊಳೆಯಿತು, ಅಳೆಯುವುದು ಆಕಾಶ, ಹೊಂದಿಸುವುದು ಕೋಣೆಯಲ್ಲಿ ಯಾಕೆ? ಫೋಟೋ ತೆಗೆದ ಅದೇ ನಿಮಿಷದಲ್ಲಿ ಆಕಾಶದ ಐದು ಜಾಗಕ್ಕೆ ಪೈಪ್ ಹಿಡಿದೆ. ಆ ಐದು ಅಂಕಿಗೆ ಫೋಟೋ ಹೊಂದಿಸಿದೆ. ಲೆನ್ಸಿನ ಅಂಚಿನಲ್ಲಿ ಬೆಳಕು ಕಮ್ಮಿಯಾಗುವುದನ್ನು, ಕ್ಯಾಮೆರಾ ಹತ್ತತ್ತು ಡಿಗ್ರಿ ತಿರುಗಿಸಿ ಮೊದಲೇ ಅಳೆದಿಟ್ಟಿದ್ದೆ, ಶೇ. 15 ಇರಬೇಕು. ಇಡೀ ಫೋಟೋದ ಬೆಳಕನ್ನು ಕೂಡಿಸಿ, ಬಯಲಲ್ಲಿಟ್ಟ ಲಕ್ಸ್ ಮೀಟರ್ ಜೊತೆ ತಾಳೆ ನೋಡಿದೆ. ಮೋಡದ ದಿನ ಶೇ. 6, ನೀಲಿ ಆಕಾಶಕ್ಕೆ ಶೇ. 12ರ ಒಳಗೆ ವ್ಯತ್ಯಾಸ. ನನ್ನ ಕೆಲಸಕ್ಕೆ ಧಾರಾಳ ಸಾಕು.

ಸೂರ್ಯ ಮಾತ್ರ ಕ್ಯಾಮೆರಾಗೆ ದಕ್ಕುವುದಿಲ್ಲ, ಅಲ್ವಾ? ಚದರ ಮೀಟರಿಗೆ 160 ಕೋಟಿ ಕ್ಯಾಂಡೆಲಾ ಅದು. ಕೋಲಿನ ತುದಿಗೆ ರಟ್ಟಿನ ಬಿಲ್ಲೆ ಕಟ್ಟಿ ಮರೆ ಮಾಡುತ್ತೇನೆ. ಬಿಲ್ಲೆ ದೊಡ್ಡದಾದರೆ ಸೂರ್ಯನ ಸುತ್ತಲಿನ ಪ್ರಭೆಯನ್ನೂ ನುಂಗುತ್ತದೆ, ಎರಡು ಸಲ ಹಾಗೇ ಆಯಿತು.

ಪೂರ್ತಿ ಮೋಡದ ಆಕಾಶದ ಲೆಕ್ಕದಲ್ಲಿ ನೆತ್ತಿ ದಿಗಂತಕ್ಕಿಂತ ಮೂರು ಪಟ್ಟು ಬೆಳಗಬೇಕು. ನನಗೆ ಎರಡೂವರೆಯೇ ಬರುತ್ತಿತ್ತು. ಸೂತ್ರದ ಮೇಲೇ ಅನುಮಾನ ಬಂತು. ಆಮೇಲೆ ನೋಡಿದರೆ, ಪಕ್ಕದ ಕಟ್ಟಡದ ಬಿಳಿ ಗೋಡೆಯನ್ನೂ ದಿಗಂತಕ್ಕೆ ಸೇರಿಸಿಕೊಂಡಿದ್ದೆ.

ಸುಮ್ನೆ ಇರಲಿ ಅಂತ ಮೊಬೈಲಿಗೆ ಕ್ಲಿಪ್ ಲೆನ್ಸ್ ಹಾಕಿಯೂ ನೋಡಿದೆ. ಅದು ತನ್ನಷ್ಟಕ್ಕೆ ಬೆಳಕು ತಿದ್ದಿ ಆಕಾಶವನ್ನು ಚಂದ ಮಾಡಿಬಿಡುತ್ತದೆ. ಆ ಲೆನ್ಸ್ ಈಗ ಮಗಳ ಹತ್ತಿರ ಇದೆ.