ಒಂಬತ್ತು ಹಾಳೆಯಲ್ಲಿ 78 ಎಲೆ: ನಾನು ಟ್ಯಾರೋ ಕಲಿತದ್ದು

ನಮ್ಮ ಮನೆಯೊಳಗೆ ಇಸ್ಪೀಟ್ ಎಲೆ ತರುವ ಹಾಗಿಲ್ಲ. ನಮ್ಮಜ್ಜ ಒಂದು ದೀಪಾವಳಿ ಅಮಾಸಿ ರಾತ್ರಿ ಅಂದರ್ ಬಾಹರ್ ಆಡಿ ಎರಡೂವರೆ ಎಕರೆ ಎರೆಹೊಲ ಕಳೆದ. ಹಾಗಾಗಿ ನಾನು ಟ್ಯಾರೋ ಎಲೆಗಳ, ಅಂದರೆ ಭವಿಷ್ಯ ಕೇಳಲು ಹಾಕುವ ಚಿತ್ರದ ಎಲೆಗಳ ಕಟ್ಟು ಹಿಡಿದು ಒಳಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಎಷ್ಟಕ್ಕ ಆಡ್ತಿಯೋ ಇದನ್ನ?"

"ಆಡೋದಲ್ಲವ್ವಾ, ನೋಡೋದು."

"ನಿಮ್ಮಜ್ಜನೂ ಮೊದಲ ನೋಡಾಕಂತನ ಹೋಗಿದ್ದ."

ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಅಂತ ಆಮೇಲೆ ಓದಿ ತಿಳಿದೆ. ಟ್ಯಾರೋ ಹುಟ್ಟಿದ್ದೇ ಆಟಕ್ಕೆ. 15ನೇ ಶತಮಾನದಲ್ಲಿ ಇಟಲಿಯ ಉತ್ತರ ಭಾಗದಲ್ಲಿ, ಮಿಲಾನಿನ ದೊರೆಗಳು ಚಿನ್ನದ ರೇಕು ಹಚ್ಚಿಸಿ ಬರೆಸಿಕೊಂಡ ಎಲೆಗಳು ಇವತ್ತಿಗೂ ಉಳಿದಿವೆ. ಭವಿಷ್ಯ ಹೇಳುವ ರೂಢಿ ಜೋರಾದದ್ದು ಸುಮಾರು ಮುನ್ನೂರು ವರ್ಷ ಕಳೆದ ಮೇಲೆ, ಫ್ರಾನ್ಸಿನಲ್ಲಿ. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬಾತ ಇದು ಈಜಿಪ್ಟಿನ ಗುಪ್ತ ವಿದ್ಯೆ ಅಂತ ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೊಲಿಯನ್ ಬಿಡಿಸಿದ್ದು 1822ರಲ್ಲಿ. ಓದಲಿಕ್ಕೆ ಬಾರದ ಲಿಪಿಯಲ್ಲಿ ಏನಿದೆ ಅಂತ ನಲವತ್ತು ವರ್ಷ ಮೊದಲೇ ಹೇಳಿದ ಧೈರ್ಯ ಜೆಬೆಲಿನ್‌ನದು!

ರಾಯಚೂರಿನಲ್ಲಿ ನನ್ನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ. ಅರ್ಜಿ, ಅಫಿಡವಿಟ್, ಪಹಣಿ ತಿದ್ದುಪಡಿ, ಮದುವೆ ಕಾರ್ಡ್. ಕೋರ್ಟಿಗೆ ಬೇಸಿಗೆ ರಜೆ ಬಿತ್ತೆಂದರೆ ನನಗೂ ಅರ್ಧ ರಜೆ. ಆ ಬಿಸಿಲಲ್ಲಿ ಹನ್ನೊಂದರ ಮೇಲೆ ರಸ್ತೆಯಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಅಂಥ ಒಂದು ಮೇ ತಿಂಗಳಲ್ಲಿ ಕಾಲೇಜು ಹುಡುಗಿಯೊಬ್ಬಳು ಪೆನ್‌ಡ್ರೈವ್ ತಂದು ಮೂರು ಟ್ಯಾರೋ ಎಲೆಯ ಚಿತ್ರ ಕಲರ್ ಪ್ರಿಂಟ್ ತೆಗೆಸಿಕೊಂಡು ಹೋದಳು. ಅದರಲ್ಲೊಂದು, ಹಾಸಿಗೆಯ ಮೇಲೆ ಎದ್ದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡವರ ಚಿತ್ರ. ಹಿಂದೆ ಕತ್ತಲು, ಕತ್ತಲಲ್ಲಿ ಸಾಲಾಗಿ ಒಂಬತ್ತು ಕತ್ತಿ. ಅದರ ಹಿಂದಿನ ವಾರ ಕರೆಂಟ್ ಬಿಲ್ಲು, ಮಗಳ ಫೀಸು, ಪ್ರಿಂಟರಿನ ಡ್ರಮ್ಮು ಮೂರೂ ಒಟ್ಟಿಗೆ ಬಂದ ರಾತ್ರಿ ನಾನು ಕೂತದ್ದು ಹೀಗೇ. ಚಿತ್ರವನ್ನು ಡಿಲೀಟ್ ಮಾಡಲಿಲ್ಲ.

ಕೊಳ್ಳುವುದು ಬಿಟ್ಟು ಎಲೆಗಳನ್ನು ನಾನೇ ಮಾಡಿಕೊಂಡೆ. 1909ರಲ್ಲಿ ಲಂಡನ್ನಿನ ರೈಡರ್ ಕಂಪನಿ ಅಚ್ಚು ಹಾಕಿಸಿದ ಕಟ್ಟಿನ ಚಿತ್ರಗಳು ಅವು. ಎ. ಇ. ವೇಟ್ ಎಂಬವರು ಯೋಜನೆ ಹಾಕಿದರು, ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದರು. ಆಕೆ ತೀರಿಕೊಂಡದ್ದು 1951ರಲ್ಲಿ. ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡು 60 ವರ್ಷವಾದ ಮೇಲೆ ಚಿತ್ರದ ಹಕ್ಕು ಎಲ್ಲರದು, ಹಾಗಾಗಿ ಅಚ್ಚು ಹಾಕಿಕೊಳ್ಳಲು ಅಡ್ಡಿಯಿಲ್ಲ. ಕೋರಲ್ ಡ್ರಾದಲ್ಲಿ ಎ4 ಹಾಳೆಗೆ ಒಂಬತ್ತರಂತೆ ಜೋಡಿಸಿದೆ. ಒಟ್ಟು 78 ಎಲೆ, ಒಂಬತ್ತು ಹಾಳೆ, ಕೊನೆಯ ಹಾಳೆಯಲ್ಲಿ ಮೂರು ಜಾಗ ಖಾಲಿ.

ಮೊದಲ ಸಲ ಲ್ಯಾಮಿನೇಷನ್ ಮಾಡಿಬಿಟ್ಟೆ. ಅಂಗಡಿಯಲ್ಲಿ ಮಷೀನ್ ಇದ್ದ ಮೇಲೆ ಕೈ ತಡೆಯಬೇಕಲ್ಲ! ಕಟ್ಟು ಇಟ್ಟಂಗಿಯಷ್ಟು ದಪ್ಪವಾಯಿತು, ಕಲಸಲು ಹೋದರೆ ಹಾವುಮೀನಿನ ಹಾಗೆ ಜಾರಿ ಅಂಗಡಿ ತುಂಬಾ ಹರಡಿತು. ಎರಡನೇ ಸಲ 300 ಜಿಎಸ್‌ಎಂ ಆರ್ಟ್ ಕಾರ್ಡ್ ಮೇಲೆ ತೆಗೆದು, ಲ್ಯಾಮಿನೇಷನ್ ಬಿಟ್ಟು, ಕೇರಂ ಬೋರ್ಡಿಗೆ ಹಾಕುವ ಪೌಡರ್ ಸ್ವಲ್ಪ ಉದುರಿಸಿದೆ. ಅದು ಸರಿಹೋಯಿತು. ಬೆನ್ನಿಗೆ ಒಂದು ಇಳಕಲ್ ಸೆರಗಿನ ತೆನೆ ಹಾಕಿದ್ದೆ, ಚಂದ ಕಾಣಲೆಂದು. ತೆನೆಯ ತುದಿ ಮೇಲಕ್ಕಿದ್ದರೆ ಎಲೆ ನೆಟ್ಟಗಿದೆ, ಕೆಳಕ್ಕಿದ್ದರೆ ತಲೆಕೆಳಗಿದೆ ಅಂತ ತೆರೆಯುವ ಮೊದಲೇ ಗೊತ್ತಾಗುತ್ತಿತ್ತು. ಜೊತೆಗೆ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿದ್ದರಿಂದ ಒಂದೊಂದು ಮೂಲೆ ಒಂದೊಂದು ಥರ. ನಮ್ಮಜ್ಜ ಇದ್ದಿದ್ದರೆ "ಗುರುತಿನ ಎಲಿ" ಅಂತ ಎದ್ದು ಹೋಗುತ್ತಿದ್ದ. ಬೆನ್ನಿಗೆ ಯಾವ ಕಡೆ ತಿರುಗಿಸಿದರೂ ಒಂದೇ ಆಗಿರುವ ಚೌಕುಳಿ ಹಾಕಿ ಮೂರನೇ ಸಲ ತೆಗೆದೆ. ಈಗಿರುವುದು ಅದೇ.

ಇನ್ನು ಕಲಿಕೆ. ಟೈಪಿಂಗಿನವನ ಬುದ್ಧಿ, ನುಡಿ ತಂತ್ರಾಂಶದಲ್ಲಿ ಟೇಬಲ್ ಹಾಕಿ 78 ಎಲೆಗೂ ಎದುರೆದುರು ಅರ್ಥ ಹೊಡೆದು ಗೋಡೆಗೆ ಅಂಟಿಸಿದೆ. 'ಹೊಸ ಆರಂಭ', 'ಆಂತರಿಕ ಶಕ್ತಿ', 'ಸಮತೋಲನ'. ಮೂರು ವಾರ ಉರು ಹೊಡೆದೆ. ಎಲೆ ಮುಂದೆ ಬಂದಾಗ ನಾಲಿಗೆಯ ಮೇಲೆ ಬರುತ್ತಿದ್ದದ್ದು ಪಕ್ಕದ ಸಾಲಿನ ಅರ್ಥ. ಕಾಗದ ಹರಿದು ಹಾಕಿದೆ.

ನನಗೆ ದಾರಿ ಸಿಕ್ಕಿದ್ದು ಅಜ್ಜನ ಇಸ್ಪೀಟಿನಿಂದಲೇ. ಕಟ್ಟಿನಲ್ಲಿ 22 ದೊಡ್ಡ ಎಲೆ, ಅಂದರೆ ಮೇಜರ್ ಅರ್ಕಾನಾ. ಉಳಿದ 56 ನಮಗೆ ಗೊತ್ತಿರುವ ಎಲೆಗಳ ಅಣ್ಣತಮ್ಮಂದಿರು: ಬಟ್ಟಲು ಅಂದರೆ ಆಟೀನ್, ನಾಣ್ಯ ಅಂದರೆ ಡೈಮನ್, ಕೋಲು ಅಂದರೆ ಕಳಾವರ್, ಕತ್ತಿ ಅಂದರೆ ಇಸ್ಪೀಟ್. ಇಂಗ್ಲಿಷಿನ ಸ್ಪೇಡ್ ಎಂಬ ಹೆಸರೇ ಇಟಲಿ, ಸ್ಪೇನ್ ಕಡೆಯ ಕತ್ತಿ ಎಂಬ ಮಾತಿನಿಂದ ಬಂದದ್ದು. ಒಂದರಿಂದ ಹತ್ತು, ಆಮೇಲೆ ಗುಲಾಮ, ರಾಣಿ, ರಾಜ. ಗುಲಾಮನಿಗೂ ರಾಣಿಗೂ ನಡುವೆ ಕುದುರೆ ಸವಾರ ಒಬ್ಬ ಹೆಚ್ಚು. ಬಟ್ಟಲಿಗೆ ಮನಸ್ಸು, ನಾಣ್ಯಕ್ಕೆ ದುಡ್ಡು ಮತ್ತು ದುಡಿಮೆ, ಕೋಲಿಗೆ ಹುರುಪು, ಕತ್ತಿಗೆ ಯೋಚನೆ ಮತ್ತು ಮಾತು. ಇಷ್ಟು ಸಾಕು. ಉಳಿದದ್ದನ್ನು ಚಿತ್ರವೇ ಹೇಳುತ್ತದೆ, ಯಾಕೆಂದರೆ ಪಮೇಲಾ ಅವರು ಎರಡರಿಂದ ಹತ್ತರವರೆಗಿನ ಹೆಚ್ಚುಕಡಿಮೆ ಎಲ್ಲ ಎಲೆಗಳಲ್ಲೂ ಬರೀ ಎಣಿಕೆ ಹಾಕದೆ ಮನುಷ್ಯರನ್ನು ಕೂರಿಸಿದ್ದಾರೆ. ಮೂಲೆಯಲ್ಲಿ ಬಳ್ಳಿಯ ಹಾಗೆ ಸುತ್ತಿದ ಅವರ ಸಹಿಯೂ ಇದೆ. ಹುಡುಕಿ ನೋಡಿ, ಹುಡುಕುತ್ತಾ ಚಿತ್ರವೂ ಕಣ್ಣಿಗೆ ಬೀಳುತ್ತದೆ.

ಬೆಳಿಗ್ಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಒಂದೇ ಒಂದು ಎಲೆ. ಉದ್ದನೆಯ ಖಾತೆ ಪುಸ್ತಕದಲ್ಲಿ ತಾರೀಖು, ಎಲೆಯ ಹೆಸರು, ಆಮೇಲೆ ಕಣ್ಣಿಗೆ ಕಂಡದ್ದು. ಅರ್ಥ ಬರೆಯುವ ಹಾಗಿಲ್ಲ, ಕಂಡದ್ದಷ್ಟೇ. ಏಳು ನಾಣ್ಯ: ರೈತನೊಬ್ಬ ಗುದ್ದಲಿಯ ಕಾವಿನ ಮೇಲೆ ಗದ್ದ ಇಟ್ಟುಕೊಂಡು ಬೆಳೆ ನೋಡುತ್ತಾ ನಿಂತಿದ್ದಾನೆ. ನಮ್ಮ ಕಡೆ ಹತ್ತಿಕಾಯಿ ಒಡೆಯುವ ಹೊತ್ತಿಗೆ ಪ್ರತಿ ಬದುವಿನ ಮೇಲೂ ಒಬ್ಬ ಹೀಗೆ ನಿಂತಿರುತ್ತಾನೆ, ಬಿಡಿಸಿ ಈಗಲೇ ಮಾರಲೋ, ರೇಟ್ ಏರುವ ತನಕ ಇಟ್ಟುಕೊಳ್ಳಲೋ ಅಂತ. ರಥದ ಎಲೆಯಲ್ಲಿ ಒಂದು ಕಪ್ಪು, ಒಂದು ಬಿಳಿ ಪ್ರಾಣಿ, ಮೇಲೆ ಕಿರೀಟದವನು. ನಾಲ್ಕನೇ ಸಲ ನೋಡಿದಾಗ ತಿಳಿಯಿತು, ಅವನ ಕೈಯಲ್ಲಿ ಹಗ್ಗವೇ ಇಲ್ಲ. ಕಾರಹುಣ್ಣಿಮೆಗೆ ನಮ್ಮೂರಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವುದನ್ನು ನೋಡಿದವರಿಗೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಎರಡೆತ್ತು ಒಂದೇ ಕಡೆ ಎಳೆದರೆ ಕಲ್ಲು ಕದಲುತ್ತದೆ, ಇಲ್ಲವಾದರೆ ಬಾರುಕೋಲು ಹಿಡಿದವನ ಮಾನ ಹೋಗುತ್ತದೆ.

ಸಂಜೆ ಶಟರ್ ಇಳಿಸುವಾಗ ಕೆಂಪು ಪೆನ್ನಿನಲ್ಲಿ ಆ ದಿನ ನಡೆದದ್ದು ಬರೆಯುತ್ತಿದ್ದೆ. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಒಂದೇ ವಾರದಲ್ಲಿ 'ಎಂಟು ನಾಣ್ಯ' ಎರಡು ಸಲ ಬಂತು, ಬೆಂಚಿನ ಮೇಲೆ ಕೂತು ಒಂದೇ ಸಮ ಕುಟ್ಟುವ ಕಸುಬುದಾರನ ಎಲೆ. ಯಾರೋ ನನಗೆ ಏನೋ ಹೇಳುತ್ತಿದ್ದಾರೆ ಅಂತ ನಂಬಿದೆ. ಝೆರಾಕ್ಸಿಗೆ ಬರುವ ಲೆಕ್ಕದ ಮೇಷ್ಟ್ರೊಬ್ಬರು ಅಲ್ಲೇ ರಫ್ ಕಾಗದದ ಬೆನ್ನ ಮೇಲೆ ಲೆಕ್ಕ ಹಾಕಿ ತೋರಿಸಿದರು: 78 ಎಲೆಯಲ್ಲಿ ದಿನಕ್ಕೊಂದರಂತೆ 11 ದಿನ ತೆಗೆದರೆ, ಯಾವುದಾದರೂ ಒಂದು ಎಲೆ ಎರಡನೇ ಸಲ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. ಮೂರು ಎಲೆ ಹಾಕಿದರೆ ನೂರಕ್ಕೆ ಸುಮಾರು 64 ಸಲ ಒಂದಾದರೂ ದೊಡ್ಡ ಎಲೆ ಇದ್ದೇ ಇರುತ್ತದೆ. "ದೊಡ್ಡ ಎಲಿ ಬಂತು ಅಂತ ಗಾಬರಿ ಬೀಳಬ್ಯಾಡ್ರಿ" ಅಂದು ಎರಡು ರೂಪಾಯಿ ಚಿಲ್ಲರೆ ಇಸಿದುಕೊಂಡು ಹೋದರು. ಆ ಮೇಲೆ ನನ್ನ ಖಾತೆ ಪುಸ್ತಕವನ್ನು ಮತ್ತೆ ಓದಿದೆ. ಕೆಂಪು ಅಕ್ಷರ ಎಲ್ಲಾ ಕಡೆ ಹೊಂದಿಕೆಯಾಗಿತ್ತು, ಯಾಕೆಂದರೆ ಹೊಂದಿಸಿದವನು ನಾನೇ. ಮೈಲಾರದ ಕಾರ್ಣಿಕವೂ ಹಾಗೇ ಅಲ್ಲವೇ? ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಸಾಲು. ಮಳೆಯವರು ಮಳೆ ಅನ್ನುತ್ತಾರೆ, ರಾಜಕೀಯದವರು ಕುರ್ಚಿ ಅನ್ನುತ್ತಾರೆ.

ಇದೆಲ್ಲ ತಿಳಿದ ಮೇಲೂ ತಪ್ಪು ಮಾಡಿದೆ. ತಿಳಿವಳಿಕೆ ಪುಸ್ತಕದಲ್ಲಿತ್ತು, ಬಾಯಿಗೆ ಬಂದಿರಲಿಲ್ಲ.

ಪಿಂಚಣಿ ಅರ್ಜಿ ಬರೆಸಲು ಬರುವ ಒಬ್ಬ ಮುದುಕಿ. ಮಗ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗಿ ಎರಡು ತಿಂಗಳಾಯಿತು, ಫೋನಿಲ್ಲ. ಟೇಬಲ್ ಮೇಲಿನ ಎಲೆ ನೋಡಿ ಕೇಳಿದಳು, "ಯಪ್ಪಾ, ನನ್ನ ಮಗ ಫೋನ್ ಮಾಡ್ತಾನೇನು ನೋಡು." ನಾನು ಮೂರೆಲೆ ಹಾಕಿದೆ. ನಡುವೆ ಬಟ್ಟಲಿನ ಸವಾರ ಬಂದ, ಕೈಯಲ್ಲಿ ಬಟ್ಟಲು ಹಿಡಿದು ನಿಧಾನಕ್ಕೆ ಬರುತ್ತಿರುವ ಕುದುರೆಯವ. ನನಗೂ ಹುಮ್ಮಸ್ಸು. "ಬರ್ತದ ನೋಡಮ್ಮ, ಇದ ವಾರದಾಗ ಸುದ್ದಿ ಬರ್ತದ" ಅಂದುಬಿಟ್ಟೆ.

ಹತ್ತು ದಿನ ಬಿಟ್ಟು ಬಂದಳು. ಸಿಟ್ಟಿಲ್ಲ. "ನೀ ಹೇಳಿದ್ದಿ ಅಂತ ಫೋನ್ ಬಿಟ್ಟು ಎಲ್ಲೂ ಹೋಗಲಿಲ್ಲಪ್ಪ. ನಮ್ಮ ಹೊಲದ ಕಡೀಗ ಸಿಗ್ನಲ್ ಇರಂಗಿಲ್ಲ." ಹತ್ತಿ ಬಿಡಿಸುವ ಸುಗ್ಗಿ ಅದು. ಏಳು ದಿನದ ಕೂಲಿ ಹೋಗಿತ್ತು. ಅರ್ಜಿಯ ದುಡ್ಡು ಬೇಡವೆಂದೆ. ಬೇಡ ಅಂದದ್ದಕ್ಕೆ ಅವಳು ಎಲೆಗಳನ್ನೊಮ್ಮೆ ನೋಡಿ, ನೋಟನ್ನು ಅವುಗಳ ಮೇಲೇ ಇಟ್ಟು ಹೋದಳು.

ಆ ರಾತ್ರಿ ಯೋಚಿಸಿದ್ದು ಎಲೆಯ ವಿಷಯವಲ್ಲ, ನನ್ನ ಕಸುಬಿನ ವಿಷಯ. ಅಂಗಡಿಗೆ ಬಂದವರು ಹೇಳಿದ್ದನ್ನೇ ನಾನು ಯಾವತ್ತಾದರೂ ಟೈಪ್ ಮಾಡಿದ್ದೀನೇ? "ಆಫೀಸಿನವ ಸುಮ್ಮಸುಮ್ನ ತಿರುಗಾಡಸ್ತಾನ, ಅವನ ಮ್ಯಾಲ ಬರೀರಿ" ಅಂತ ಬರುತ್ತಾರೆ. ನಾನು ನೀರು ಕೊಟ್ಟು ನಾಲ್ಕು ಮಾತು ಕೇಳಿ 'ವಿಷಯ: ಪಹಣಿಯಲ್ಲಿ ಹೆಸರು ತಿದ್ದುಪಡಿ ಮಾಡಿಕೊಡುವ ಕುರಿತು' ಅಂತ ಹೊಡೆಯುತ್ತೇನೆ. ವಿಷಯದ ಸಾಲು ಸರಿಯಾದರೆ ಅರ್ಜಿ ಅರ್ಧ ಮುಗಿದ ಹಾಗೆ. ಮುದುಕಿಯ ಪ್ರಶ್ನೆಗೆ ನಾನು ವಿಷಯದ ಸಾಲೇ ಹಾಕಿರಲಿಲ್ಲ. ಬಾಯಿಂದ ಬಂದದ್ದನ್ನು ಹಾಗೇ ಎಲೆಯ ಮೇಲೆ ಸುರಿದಿದ್ದೆ.

ಈಗ ಎಲೆ ಕಲಸುವ ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆಸುತ್ತೇನೆ. 'ಆಗ್ತದೋ ಇಲ್ಲೋ', 'ಯಾವಾಗ', 'ಅವರ ಮನಸ್ಸಿನ್ಯಾಗ ಏನದ' ಅಂತಿದ್ದರೆ ತಿದ್ದುತ್ತೇವೆ, ಕೇಳುವವರು ತಾವೇ ಕೈ ಹಾಕಬಹುದಾದ ಪ್ರಶ್ನೆ ಆಗುವ ತನಕ. ಟ್ಯೂಷನ್ ನಡೆಸುವ ಹುಡುಗನೊಬ್ಬ 'ಬೆಂಗಳೂರಿಗೆ ಹೋಗ್ಲೋ ಬ್ಯಾಡೋ' ಅಂತ ಬರೆದ. ಮೂರು ಸಲ ತಿದ್ದಿದ ಮೇಲೆ 'ಹೋದರೆ ಇಲ್ಲಿ ಏನು ಬಿಟ್ಟು ಹೋಗುತ್ತೇನೆ' ಅಂತಾಯಿತು. ನಡುವಿನ ಎಲೆ ಐದು ಬಟ್ಟಲು: ಕರಿ ನಿಲುವಂಗಿಯವನು ತಲೆ ತಗ್ಗಿಸಿ ಚೆಲ್ಲಿಹೋದ ಮೂರು ಬಟ್ಟಲು ನೋಡುತ್ತಿದ್ದಾನೆ. ನಾನು ಸುಮ್ಮನಿದ್ದೆ. ಸುಮ್ಮನಿರುವುದೇ ನನಗೆ ಎಲ್ಲಕ್ಕಿಂತ ಕಷ್ಟವಾದ ಪಾಠ. ಹುಡುಗನೇ ಅಂದ, "ಹಿಂದ ಎರಡು ನೆಟ್ಟಗ ನಿಂತಾವಲ್ರೀ ಅಣ್ಣ." ಯಾರವು ಅಂದೆ. "ಒಂದು ಅವ್ವ. ಇನ್ನೊಂದು..." ಅಂದವನು ಅರ್ಧ ತಾಸು ಮಾತಾಡಿದ. ಕೊನೆಗೆ ಅವನು ಬೆಂಗಳೂರಿಗೆ ಹೋದ. ಎಲೆ ಹೋಗು ಅಂತಲೂ ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ.

ಕೆಲವಕ್ಕೆ ಎಲೆ ತೆಗೆಯುವುದೇ ಇಲ್ಲ: ಕಾಯಿಲೆ, ಬಸಿರು, ಕಳೆದುಹೋದವರು, ಕೋರ್ಟಿನ ತೀರ್ಪು. ತೀರ್ಪಿನ ವಿಷಯ ದಿನಕ್ಕೊಬ್ಬರಾದರೂ ಕೇಳುತ್ತಾರೆ. ವಕೀಲರನ್ನು ಕೇಳ್ರಿ ಅನ್ನುತ್ತೇನೆ. ದುಡ್ಡು ಇಸಿದುಕೊಳ್ಳುವುದಿಲ್ಲ, ಚಹಾ ಬೇಡ ಅನ್ನುವುದಿಲ್ಲ. ತಲೆಕೆಳಗಾದ ಎಲೆಗೆ ಬೇರೆ ಅರ್ಥ ಹಚ್ಚುವುದನ್ನು ಬಿಟ್ಟಿದ್ದೇನೆ, ತಿರುಗಿಸಿ ನೆಟ್ಟಗಿಡುತ್ತೇನೆ. ಹತ್ತು ಎಲೆ ಜೋಡಿಸಿ ಓದುವ ಸೆಲ್ಟಿಕ್ ಕ್ರಾಸ್ ಎಂಬ ಕ್ರಮ ಕಲಿಯಲು ಹೋಗಿ ಎರಡು ಸಲ ಸೋತೆ, ಮೂರೆಲೆಯಲ್ಲೇ ಇದ್ದೇನೆ. 13ನೇ ಎಲೆ, ಬಿಳಿ ಕುದುರೆ ಮೇಲಿನ ಅಸ್ಥಿಪಂಜರ ಬಂದಾಗ 'ಸಾವು ಅಂದರೆ ಬದಲಾವಣೆ ಅಷ್ಟೇ' ಅಂತ ಗಿಣಿಪಾಠ ಒಪ್ಪಿಸುವವರಿದ್ದಾರೆ. ಹೋದ ತಿಂಗಳು ಮನೆಯವರನ್ನು ಮಣ್ಣು ಮಾಡಿ ಬಂದವನ ಎದುರು ಹಾಗೆ ಹೇಳಬೇಡಿ. ಗಿಣಿಶಾಸ್ತ್ರದವನ ಗಿಣಿಯಾದರೂ ಎಲೆ ತೆಗೆದು ಬಾಯಿ ಮುಚ್ಚಿಕೊಂಡು ಪಂಜರಕ್ಕೆ ಹೋಗುತ್ತಿತ್ತು.

ಹೋದ ಮಳೆಗಾಲದಲ್ಲಿ ಆರು ಕತ್ತಿಯ ಎಲೆಯ ಮೇಲೆ ಚಹಾ ಚೆಲ್ಲಿ ಕಾರ್ಡ್ ಉಬ್ಬಿಹೋಯಿತು. ಒಂದೇ ಎಲೆಗೆ ಹಾಳೆ ಪ್ರಿಂಟ್ ಹಾಕಲು ಮನಸ್ಸಾಗಲಿಲ್ಲ. ಕೊನೆಯ ಹಾಳೆಯ ಮೂರು ಖಾಲಿ ಎಲೆಗಳಿದ್ದವಲ್ಲ, ಅದರಲ್ಲೊಂದರ ಮೇಲೆ ಮಗಳು ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟಳು. ಮೂಲದಲ್ಲಿ ದೋಣಿ, ಕೋಲು ಹಾಕುವ ಅಂಬಿಗ, ಮುಸುಕು ಹೊದ್ದ ಹೆಂಗಸು, ಮಗು, ಮುಂದೆ ನೆಟ್ಟ ಆರು ಕತ್ತಿ. ಮಗಳು ದೋಣಿ ನೋಡಿಲ್ಲ; ದುಂಡನೆಯ ಹರಿಗೋಲು ಬರೆದಿದ್ದಾಳೆ, ನೀರಿನ ನಡುವೆ ಎರಡು ಬಂಡೆ. ಕತ್ತಿಗಳು ಸೌದೆ ಕಟ್ಟಿನ ಹಾಗಿವೆ.

ಆ ಎಲೆ ಬಂದಾಗ ಜನ ನನ್ನನ್ನು ಕೇಳುವುದಿಲ್ಲ. "ಇದು ನಮ್ಮ ಕೃಷ್ಣಾ ಹೊಳಿ ಅಲ್ಲೇನ್ರೀ?" ಅನ್ನುತ್ತಾರೆ, ಆಮೇಲೆ ತಾವು ಯಾವಾಗ ದಾಟಿದ್ದು, ಜೊತೆಗೆ ಯಾರಿದ್ದರು ಅಂತ ಶುರು ಮಾಡುತ್ತಾರೆ. ಮುದುಕಿ ಈಗಲೂ ಬರುತ್ತಾಳೆ, ಆಧಾರ್ ಝೆರಾಕ್ಸಿಗೆ. ಮಗನ ಸುದ್ದಿ ಅವಳೂ ಎತ್ತಿಲ್ಲ, ನಾನೂ ಕೇಳಿಲ್ಲ. ಒಂದು ಸಲ ಹರಿಗೋಲಿನ ಎಲೆ ಮೇಲೇ ಬಿದ್ದಿತ್ತು. ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ನೋಡಿ, "ಆ ಕೂಸಿಗೆ ತಲಿ ಮ್ಯಾಲ ಏನರ ಹೊಚ್ಚರಪ್ಪ, ಬಿಸಲದ" ಅಂದಳು. ಮಗಳಿಗೆ ಹೇಳಿ ಕೂಸಿನ ತಲೆಗೊಂದು ಕೆಂಪು ಟೊಪ್ಪಿಗೆ ಹಾಕಿಸಿದ್ದೇನೆ.